ಹಳೇ ಫೈಬರ್ ಬೋಟಿಗೆ ಹೊಸ ಡೆಕ್ಕು: ವಾಸ್ಕೋದಲ್ಲಿ ನಾನು ಮಾಡಿದ ರೀತಿ

ಫೈಬರ್ ಬೋಟು ಕೊಳೆಯುವುದಿಲ್ಲ ಅಂತ ಹೇಳಿಯೇ ಮಾರುತ್ತಾರೆ. ಫೈಬರ್ ಕೊಳೆಯುವುದಿಲ್ಲ, ನಿಜ. ಆದರೆ ಡೆಕ್ಕಿನಲ್ಲಿ ಎರಡು ಫೈಬರ್ ಪದರಗಳ ನಡುವೆ ಪ್ಲೈವುಡ್ ಇರುತ್ತದಲ್ಲ, ಅದು ಕೊಳೆಯುತ್ತದೆ. ನಾನು ಗೋವಾದ ವಾಸ್ಕೋದಲ್ಲಿ ಕೊಂಡ 21 ಅಡಿಯ ಹಳೇ ಬೋಟಿನದೂ ಇದೇ ಕಥೆ. ಹೊರಗಿನಿಂದ ಗಟ್ಟಿಮುಟ್ಟು. ಸ್ಟೀರಿಂಗು, ಥ್ರಾಟಲ್ಲು ಕೂತಿರುವ ಕನ್ಸೋಲಿನ ಬುಡದಲ್ಲಿ ಕಾಲಿಟ್ಟರೆ ಮಾತ್ರ ನೆಲ ತಗ್ಗುತ್ತಿತ್ತು.

ಅಂಕೋಲಾ ಕಡೆಯ ಹಿರಿಯ ತಾಂಡೇಲರೊಬ್ಬರು (ದೋಣಿ ನಡೆಸುವ ಮುಖಂಡರು) ಬಂದು ನೋಡಿದರು. "ತಮ್ಮಾ, ಮರದ ದೋಣಿ ಆದ್ರೆ ಕೊಳೆತದ್ದು ಕಣ್ಣಿಗೆ ಕಾಣ್ತದೆ. ಇದು ಒಳಗೊಳಗೇ ಹೋಗ್ತದೆ" ಅಂದರು. ಎಲ್ಲಿಯ ತನಕ ಹೋಗಿದೆ ಅಂತ ತಿಳಿಯಲು ಯಂತ್ರವೇನೂ ಬೇಡ. ಸುತ್ತಿಗೆಯ ಹಿಡಿಯಿಂದ ಗೇಣು ಗೇಣಿಗೆ ಬಡಿಯುತ್ತಾ ಹೋಗಬೇಕು. ಗಟ್ಟಿ ಇದ್ದಲ್ಲಿ ಟಣ್ ಅನ್ನುತ್ತದೆ, ಕೊಳೆತಲ್ಲಿ ದಬ್. ದಬ್ ಅಂದಲ್ಲೆಲ್ಲ ಸೀಮೆಸುಣ್ಣದ ಗೆರೆ ಎಳೆದೆ. ನೋಡಿದರೆ, ಪ್ರತಿ ಗೆರೆಯ ನಡುವೆಯೂ ಒಂದು ಸ್ಕ್ರೂ! ಕನ್ಸೋಲಿನ ಬುಡ, ಸೀಟಿನ ಕಾಲು, ಹಗ್ಗ ಕಟ್ಟುವ ಕ್ಲೀಟು, ಗಾಳದ ಕೋಲು ನಿಲ್ಲಿಸುವ ಜಾಗ. ಬಿಸಿಲು ಮಳೆ ತಿಂದ ಬಯಲು ಡೆಕ್ಕು ಮಾತ್ರ ಟಣ್ ಅಂತಲೇ ಇತ್ತು. ಯಾರೋ ಸ್ಕ್ರೂಗಳನ್ನು ಸೀದಾ ಪ್ಲೈಗೆ ಬಿಗಿದಿದ್ದರು. ನೀರು ಆ ತೂತುಗಳಿಂದ ಇಳಿದಿತ್ತು. ಹಾಗಾಗಿ ಹೊಸ ಡೆಕ್ಕಿನಲ್ಲಿ ಪ್ಲೈಗಿಂತ ತೂತುಗಳ ಬಗ್ಗೆಯೇ ಜಾಸ್ತಿ ತಲೆ ಕೆಡಿಸಿಕೊಂಡೆ.

ಗೋವಾದಲ್ಲಿ ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳು ಮೀನು ಹಿಡಿಯಲು ಕಡಲಿಗೆ ಇಳಿಯುವಂತಿಲ್ಲ. ರಿಪೇರಿ ಎಲ್ಲ ಆಗಲೇ ನಡೆಯುವುದು. ಬಲೆ ನೇಯಲು, ಇಂಜಿನ್ ಬಿಚ್ಚಲು ಅದು ಸರಿ. ಫೈಬರ್ ಕೆಲಸಕ್ಕೆ ಅಷ್ಟು ಕೆಟ್ಟ ಕಾಲ ಇನ್ನೊಂದಿಲ್ಲ. ಪ್ಲೈ ಗಾಳಿಯಲ್ಲೇ ತೇವ ಕುಡಿಯುತ್ತದೆ. ನಾನು ದೀಪಾವಳಿ ಕಳೆಯುವ ತನಕ ಕಾದೆ.

ಕಟಿಂಗ್ ಮೆಷಿನ್ನಿನ ಆಳವನ್ನು ಮೇಲಿನ ಪದರ ಮತ್ತು ಪ್ಲೈ ದಾಟದಂತೆ ಕಟ್ಟಿಟ್ಟು ಕತ್ತರಿಸಿದೆ. ಕೆಳಗಿನ ಫೈಬರ್ ಪದರ ಉಳಿದರೆ ಅರ್ಧ ಕೆಲಸ ಉಳಿದ ಹಾಗೆ, ಅದೇ ಹೊಸ ಪ್ಲೈಗೆ ಹಾಸು. ಬೋಟಿನ ಗೋಡೆಯ ಉದ್ದಕ್ಕೂ 2 ಇಂಚು ಹಳೇ ಡೆಕ್ಕು ಬಿಟ್ಟೆ, ಹೊಸದನ್ನು ಅದಕ್ಕೇ ಬೆಸೆಯಬೇಕು. ಒಳಗಿನ ಪ್ಲೈ ನೆನೆಸಿಟ್ಟ ಅವಲಕ್ಕಿಯ ಹಾಗೆ ಕೈಗೆ ಬಂತು. ಅದನ್ನೆಲ್ಲ ಕೆರೆದು, ಗ್ರೈಂಡರ್ ಹಿಡಿದು, ತಗಡಿನ ಮಾಡಿನಡಿ ಚೆನ್ನಾಗಿ ಒಣಗಲು ಬಿಟ್ಟೆ. ಗ್ರೈಂಡಿಂಗ್ ಮಾಡುವಾಗ ತುಂಬು ತೋಳಿನ ಅಂಗಿ, ಕನ್ನಡಕ, ಒಳ್ಳೆಯ ಮಾಸ್ಕ್ ಬೇಕೇ ಬೇಕು. ಮುಖಕ್ಕೆ ಟವೆಲ್ ಸುತ್ತಿಕೊಂಡರೆ ಆಗದು. ಆ ಧೂಳಿನ ತುರಿಕೆ ಹಾಸಿಗೆಯ ತನಕ ಬರುತ್ತದೆ.

ಪ್ಲೈ ತರುವಾಗ ಹಲಗೆಯ ಮೇಲೆ ಐಎಸ್ 710 ಮುದ್ರೆ ಇದೆಯಾ ನೋಡಿ. ಅದು ಮರೈನ್ ಪ್ಲೈ. ಐಎಸ್ 303 ಅಂದರೆ ಮನೆಯ ಕಪಾಟಿನ ಪ್ಲೈ. ನಾನು 12 ಮಿಲಿಮೀಟರಿನದು ಹಾಕಿದೆ. ಅಂಟಿಗೆ ಎಪಾಕ್ಸಿ, ಎರಡು ದ್ರವ ಬೆರೆಸಿದರೆ ಗಟ್ಟಿಯಾಗುವ ರಾಳ. ಫೈಬರ್ ಬೋಟು ಕಟ್ಟಲು ಬಳಸುವ ಪಾಲಿಯೆಸ್ಟರ್ ರೆಸಿನ್ ಅಗ್ಗ, ಆದರೆ ಮರಕ್ಕೆ ಅಷ್ಟು ಬಿಗಿಯಾಗಿ ಹಿಡಿಯುವುದಿಲ್ಲ. ಹಳೇ ಪಾಲಿಯೆಸ್ಟರ್ ಮೇಲೆ ಎಪಾಕ್ಸಿ ಚೆನ್ನಾಗಿ ಕೂರುತ್ತದೆ. ಎಪಾಕ್ಸಿಯ ಮೇಲೆ ಪಾಲಿಯೆಸ್ಟರನ್ನು ನಂಬುವಂತಿಲ್ಲ. ಹಾಗಾಗಿ ಡೆಕ್ಕಿನಲ್ಲಿ ಒಮ್ಮೆ ಎಪಾಕ್ಸಿ ಮುಟ್ಟಿದ ಮೇಲೆ ಕೊನೆಯ ತನಕ ಎಪಾಕ್ಸಿಯೇ. ಮೇಲೆ ಹಾಸುವ ಗಾಜಿನ ನಾರಿನ ಬಟ್ಟೆಯೂ ನೇಯ್ದದ್ದೇ ಆಗಬೇಕು. ಚೂರು ನಾರಿನ ಮ್ಯಾಟಿನ ಅಂಟು ಪಾಲಿಯೆಸ್ಟರಿನಲ್ಲಿ ಕರಗುತ್ತದೆ, ಎಪಾಕ್ಸಿಯಲ್ಲಿ ಕರಗುವುದಿಲ್ಲ.

ಇಲ್ಲಿನ ಹುಡುಗರಿಗೆ ಪಾಲಿಯೆಸ್ಟರ್ ರೂಢಿ. ಅದರಲ್ಲಿ ಹಾರ್ಡನರನ್ನು, ಅಂದರೆ ಗಟ್ಟಿ ಮಾಡುವ ದ್ರವವನ್ನು, ಬಿಸಿಲು ನೋಡಿ ಶೇಕಡಾ 1ರಿಂದ 2ರ ತನಕ ಹೆಚ್ಚುಕಡಿಮೆ ಮಾಡಬಹುದು. ಎಪಾಕ್ಸಿಗೆ ಆ ಆಟ ನಡೆಯುವುದಿಲ್ಲ. ಡಬ್ಬದ ಮೇಲೆ ಬರೆದ ಅಳತೆಯೇ ಅಳತೆ. ಬೇಗ ಗಟ್ಟಿಯಾಗಲಿ ಅಂತ ಜಾಸ್ತಿ ಸುರಿದರೆ ಯಾವತ್ತೂ ಸರಿಯಾಗಿ ಗಟ್ಟಿಯಾಗದು. ನಾನು ತೂಕದ ಯಂತ್ರ ಪಕ್ಕದಲ್ಲೇ ಇಟ್ಟುಕೊಂಡಿದ್ದೆ.

ಎಪಾಕ್ಸಿಗೆ ಸಿಲಿಕಾ ಪುಡಿ ಬೆರೆಸಿ, ಕರಣೆಗೆ ಅಂಟಿದರೆ ಜಾರದಷ್ಟು ಗಟ್ಟಿ ಮಾಡಿ, ಹಾಸಿನ ಮೇಲೆ ಹಲ್ಲುಕರಣೆಯಿಂದ ಎಳೆದೆ. ಪ್ಲೈಯಲ್ಲಿ ಅಲ್ಲಲ್ಲಿ ಸಣ್ಣ ತೂತು ಕೊರೆದಿದ್ದೆ. ಮರಳಿನ ಚೀಲ ಹೇರಿದಾಗ ಆ ತೂತುಗಳಿಂದ ಗಾಳಿ ಹೋಗಿ ಅಂಟು ಉಕ್ಕಿ ಬಂದರೆ ಕೆಳಗೆ ಟೊಳ್ಳು ಇಲ್ಲ ಅಂತ ಅರ್ಥ. ಆಮೇಲೆ ಅಂಚು. ಹಳೇ ಪದರ 3 ಮಿಲಿಮೀಟರ್ ದಪ್ಪ ಇತ್ತು. ಅದನ್ನು 12 ಪಟ್ಟು ಅಗಲಕ್ಕೆ, ಅಂದರೆ 36 ಮಿಲಿಮೀಟರ್ ಇಳಿಜಾರಾಗಿ ಉಜ್ಜಿ, ಆ ಇಳಿಜಾರಿನ ಮೇಲೆ ಹೊಸ ಬಟ್ಟೆ ಏರಿಸಿದೆ. ಬರೀ ಅಂಚಿಗೆ ಅಂಚು ತಾಗಿಸಿದರೆ ಅದೇ ಗೆರೆಯಲ್ಲಿ ಬಿರುಕು ಬಿಡುತ್ತದೆ.

ಜುವಾರಿ ನದಿಯ ದಂಡೆಯಲ್ಲಿ ಚಳಿಗಾಲದಲ್ಲೂ ಇಬ್ಬನಿ ಬೀಳುತ್ತದೆ. ಬೆಳಿಗ್ಗೆ 10ರ ಮೇಲೆ ಶುರು ಮಾಡಿ ಮಧ್ಯಾಹ್ನವೇ ಮುಗಿಸುತ್ತಿದ್ದೆ. ಆದರೂ ಮರುದಿನ ಎಪಾಕ್ಸಿಯ ಮೇಲೆ ಮೇಣದಂಥ ಜಿಡ್ಡು ಕೂತಿರುತ್ತಿತ್ತು. ಅದನ್ನು ನೀರು ಹಾಕಿ ತಿಕ್ಕಿ ತೊಳೆದ ಮೇಲೇ ಉಜ್ಜುಕಾಗದ ಹಿಡಿಯಬೇಕು. ಇಲ್ಲದಿದ್ದರೆ ಜಿಡ್ಡನ್ನೇ ಉಜ್ಜಿ ಒಳಗೆ ಸೇರಿಸಿದಂತೆ, ಮುಂದಿನ ಪದರ ಸುಲಿದು ಬರುತ್ತದೆ.

ಕನ್ಸೋಲು ಬೇರೆಯೇ ತುಂಡು, ಹಾಗಾಗಿ ಅದಕ್ಕೆ ಪಾಲಿಯೆಸ್ಟರ್ ಮತ್ತು ಮ್ಯಾಟ್ ಸಾಕಾಯಿತು. ಮೊದಲು ರಟ್ಟಿನಲ್ಲಿ ಒಂದು ಪೆಟ್ಟಿಗೆ ಕಟ್ಟಿ, ಬೋಟಿನಲ್ಲಿಟ್ಟು, ಹಿಂದೆ ನಿಂತು ನೋಡಿದೆ. ಚಕ್ರ ಮೊಣಕೈ ಎತ್ತರಕ್ಕೆ ಬರಬೇಕು, ಮೂತಿಯ ಆಚೆಯ ನೀರು ಕಾಣಬೇಕು. ಹಳೆಯದು ತೀರಾ ತಗ್ಗಿತ್ತು, ಬೆನ್ನು ಬಗ್ಗಿಸಿ ನಿಲ್ಲಬೇಕಿತ್ತು. ಹಿಂಭಾಗಕ್ಕೆ ಕೈ ಪೂರ್ತಿ ಒಳಹೋಗುವಷ್ಟು ಬಾಗಿಲು ಇಟ್ಟೆ. ವೈರು ನೋಡಲು ಪೆಟ್ಟಿಗೆಯನ್ನೇ ಕಿತ್ತೆಬ್ಬಿಸುವ ಕರ್ಮ ಯಾರಿಗೆ ಬೇಕು? ವೈರು ತವರ ಲೇಪಿಸಿದ ತಾಮ್ರದ್ದು, ಮುಖ್ಯ ಫ್ಯೂಸು ಬ್ಯಾಟರಿಯ ಪಕ್ಕದಲ್ಲೇ. ಒಂದು ಎಚ್ಚರಿಕೆ: ಪಾಲಿಯೆಸ್ಟರ್ ಬೇಗ ಗಟ್ಟಿಯಾಗಲು ಹಾಕುವ ಕೋಬಾಲ್ಟನ್ನೂ ಹಾರ್ಡನರನ್ನೂ ಒಂದಕ್ಕೊಂದು ನೇರ ಬೆರೆಸಲೇಬೇಡಿ. ಬೆಂಕಿ ಹತ್ತುತ್ತದೆ, ಸಿಡಿಯಲೂಬಹುದು. ಕೋಬಾಲ್ಟ್ ಮೊದಲೇ ಸೇರಿಸಿದ ರೆಸಿನ್ ಸಿಗುತ್ತದೆ, ಅದನ್ನೇ ತನ್ನಿ.

ಈಗ ತೂತಿನ ವಿಷಯ. 6 ಮಿಲಿಮೀಟರ್ ಬೋಲ್ಟಿಗೆ ಮೊದಲು 12 ಮಿಲಿಮೀಟರ್ ತೂತು ಕೊರೆದೆ. ಅದಕ್ಕೆ ಎಪಾಕ್ಸಿ ಪುಟ್ಟಿ ತುಂಬಿ, ಗಟ್ಟಿಯಾದ ಮೇಲೆ ನಡುವೆ 6 ಮಿಲಿಮೀಟರ್ ಕೊರೆದೆ. ಈಗ ಬೋಲ್ಟಿನ ಸುತ್ತ ಎಪಾಕ್ಸಿ ಇದೆ, ಮರ ಇಲ್ಲ. ಸೀಲು ಹೋದರೂ ನೀರಿಗೆ ಪ್ಲೈ ಸಿಗುವುದಿಲ್ಲ. ತೂತಿನ ಬಾಯಿಯನ್ನು ಸ್ವಲ್ಪ ಬಟ್ಟಲಾಗಿ ಅಗಲಿಸಿದೆ, ನೀರು ತಡೆಯುವ ಸೀಲಂಟ್ ಅಲ್ಲಿ ಬಳೆಯಾಗಿ ನಿಲ್ಲುತ್ತದೆ. ಮೊದಲ ಸಲ ಬೋಲ್ಟನ್ನು ಪೂರ್ತಿ ಬಿಗಿಯದೆ, ಸೀಲಂಟ್ ಗಟ್ಟಿಯಾದ ಮೇಲೆ ಕೆಳಗಿನ ನಟ್ಟನ್ನು ಮಾತ್ರ ತಿರುಗಿಸಿ ಬಿಗಿ ಮಾಡಿದೆ. ಬೋಲ್ಟುಗಳೆಲ್ಲ 316 ಸ್ಟೀಲ್. 304 ಅಗ್ಗಕ್ಕೆ ಸಿಗುತ್ತದೆ, ಉಪ್ಪುನೀರಿನಲ್ಲಿ ಕಂದು ಕಣ್ಣೀರು ಸುರಿಸುತ್ತದೆ. ಇಷ್ಟಕ್ಕೆ ಡೆಕ್ಕು ಹಾಕಿದ್ದಕ್ಕಿಂತ ಜಾಸ್ತಿ ತಾಳ್ಮೆ ಬೇಕಾಯಿತು.

ಬಣ್ಣಕ್ಕೆ ತಿಳಿ ಬೂದು ಆರಿಸಿದೆ. ಬಿಳಿ ಕಣ್ಣು ಕುಕ್ಕುತ್ತದೆ, ಗಾಢ ಬಣ್ಣದ ಮೇಲೆ ಮಧ್ಯಾಹ್ನ ಬರಿಗಾಲು ಇಡಲಾಗದು. ಹಸಿ ಬಣ್ಣದ ಮೇಲೆ ತೊಳೆದು ಜರಡಿ ಹಿಡಿದ ಮರಳು ಉದುರಿಸಿ, ಒಣಗಿದ ಮೇಲೆ ಸಡಿಲು ಮರಳನ್ನು ಗುಡಿಸಿ, ಇನ್ನೊಂದು ಕೈ ಬಣ್ಣ ಹೊಡೆದೆ. ಬಂಗಡೆಯ ಲೋಳೆ ಬಿದ್ದರೂ ಕಾಲು ಜಾರುವುದಿಲ್ಲ. ತಾಂಡೇಲರು ಮತ್ತೆ ಬಂದು ಸುತ್ತಿಗೆ ಕೇಳಿದರು. ಕನ್ಸೋಲಿನ ಸುತ್ತ ಬಡಿದು ನೋಡಿ, ಆಮೇಲೆ ಹಿಂದೆ ಇಂಜಿನ್ ತೂಗುವ ಹಲಗೆಗೂ ಎರಡೇಟು ಹಾಕಿದರು. ಅದು ದಬ್ ಅಂದಿತು. ಮುಂದಿನ ದೀಪಾವಳಿಗೆ ಅದರ ಕೆಲಸ.