ಹಳೆಯ ಲಾಂಗ್-ಈಝಿ ವಿಮಾನವನ್ನು ಕೊಳ್ಳುವುದಕ್ಕೆ ಮೊದಲು

ಮನೆಯ ಗ್ಯಾರೇಜಿನಲ್ಲಿ ಕಟ್ಟಿದ ಗಾಜುನಾರಿನ ವಿಮಾನವನ್ನು ಕೊಳ್ಳಲು ಹೊರಟವರು, ತಾವು ಕೊಳ್ಳುತ್ತಿರುವುದು ಇನ್ನೊಬ್ಬರು ಎಂದೋ ಮಾಡಿ ಬಣ್ಣದ ಕೆಳಗೆ ಮುಚ್ಚಿಟ್ಟ ಕೈಕೆಲಸವನ್ನು ಎಂಬುದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು. ಅಲ್ಯೂಮಿನಿಯಂ ವಿಮಾನದಲ್ಲಿ ರಿವೆಟ್ಟುಗಳ ಸಾಲನ್ನು ನೋಡಿಯೇ ಕಟ್ಟಿದವರ ಕೈಹದವನ್ನು ಬಹುಮಟ್ಟಿಗೆ ತೂಗಬಹುದು. ಗಾಜುಬಟ್ಟೆ, ಎಪಾಕ್ಸಿ ಎಂಬ ಅಂಟು ಮತ್ತು ಫೋಮಿನಿಂದಾದ ವಿಮಾನದಲ್ಲಿ ಆ ಸೌಲಭ್ಯವಿಲ್ಲ. ಪುಟ್ಟಿ ತುಂಬಿ, ಉಜ್ಜಿ, ಬಿಳಿ ಬಣ್ಣ ಹೊಡೆದ ಮೇಲೆ ಒಳ್ಳೆಯ ರೆಕ್ಕೆಯೂ ಕೆಟ್ಟ ರೆಕ್ಕೆಯೂ ಒಂದೇ ಬಗೆಯಾಗಿ ಹೊಳೆಯುತ್ತವೆ. ಆದ್ದರಿಂದ, ಕಟ್ಟುವ ಉದ್ದೇಶವೇ ಇಲ್ಲದೆ ಬರಿಯ ಕೊಳ್ಳಲು ಹೊರಟವರೂ ಮೊದಲು ಒಂದಿಷ್ಟು ಕಟ್ಟಿ ಕಲಿಯಬೇಕು ಎಂಬುದು ನನ್ನ ಖಚಿತವಾದ ಅಭಿಪ್ರಾಯ.

ಇಲ್ಲಿ ಉದಾಹರಣೆಯಾಗಿ ಲಾಂಗ್-ಈಝಿಯನ್ನು ಇಟ್ಟುಕೊಂಡಿದ್ದೇನೆ. ಕ್ಯಾಲಿಫೋರ್ನಿಯದ ಮೊಹಾವಿಯಲ್ಲಿ ಬರ್ಟ್ ರುಟಾನ್ ಅವರು ರೂಪಿಸಿದ ಈ ವಿಮಾನ 1979ರಲ್ಲಿ ಮೊದಲ ಬಾರಿಗೆ ಹಾರಿತು. 1980ರಿಂದ 1985ರವರೆಗೆ ಅದರ ನಕ್ಷೆಗಳನ್ನು ಮಾರಲಾಯಿತು. ಒಂದರ ಹಿಂದೊಂದು ಎರಡು ಸೀಟುಗಳು, ಮೂತಿಯ ಬಳಿ ಕೆನಾರ್ಡ್ ಎಂಬ ಚಿಕ್ಕ ರೆಕ್ಕೆ, ಹಿಂಬದಿಯಲ್ಲಿ ಎಂಜಿನ್ ಮತ್ತು ಪ್ರೊಪೆಲ್ಲರ್, ಇದು ಅದರ ರೂಪ. ನಕ್ಷೆಗಳ ಮಾರಾಟ ನಿಂತು ದಶಕಗಳೇ ಕಳೆದಿರುವುದರಿಂದ ಇದನ್ನು ಬಯಸುವವರು ಹೆಚ್ಚಾಗಿ ಹಳೆಯದನ್ನೇ ಕೊಳ್ಳುತ್ತಾರೆ. ಇದೇ ಪದ್ಧತಿಯಲ್ಲಿ ಹೊಸದಾಗಿ ಕಟ್ಟಬಯಸುವವರಿಗೆ ನ್ಯಾಟ್ ಪಫರ್ ಅವರು ಲಾಂಗ್-ಈಝಿಯಿಂದ ಬೆಳೆಸಿದ ನಾಲ್ಕು ಸೀಟಿನ ಕೋಜಿ ಮಾರ್ಕ್ 4 ಇದೆ. ಈ ವಿಮಾನದ ಕಥೆ ಬೆಂಗಳೂರನ್ನೂ ಮುಟ್ಟಿದೆ: ನಮ್ಮ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯವು, ಅಂದರೆ ಎನ್‌ಎಎಲ್, ಲಾಂಗ್-ಈಝಿಯ ವಿನ್ಯಾಸವನ್ನೇ ಆಧರಿಸಿ ಕಟ್ಟಿದ ಹಗುರ ಕೆನಾರ್ಡ್ ಸಂಶೋಧನಾ ವಿಮಾನವನ್ನು 1987ರಲ್ಲಿ ಹಾರಿಸಿತು. ಗಾಜುನಾರಿನ ಮೈಯುಳ್ಳ ಹಂಸ ತರಬೇತಿ ವಿಮಾನವು 1993ರಲ್ಲಿ ಹಾರಿದ್ದೂ ಅದೇ ಸಂಸ್ಥೆಯಿಂದಲೇ.

ಮೊದಲು ಒಂದು ತುಂಡು ರೆಕ್ಕೆಯನ್ನು ಕಟ್ಟಿ

ಒಂದೆರಡು ಅಡಿ ಉದ್ದದ ರೆಕ್ಕೆಯ ತುಂಡನ್ನು ಕಟ್ಟಲು ಎರಡು ವಾರಾಂತ್ಯಗಳು ಸಾಕು. ರುಟಾನ್ ಅವರ ಪದ್ಧತಿಯ ವೈಶಿಷ್ಟ್ಯವೆಂದರೆ ಇದಕ್ಕೆ ಅಚ್ಚು ಬೇಡ. ಪಾಲಿಸ್ಟೈರೀನ್ ಫೋಮಿನ, ಅಂದರೆ ನಮ್ಮ ಥರ್ಮಾಕೋಲ್ ಜಾತಿಗೇ ಸೇರಿದ ಆದರೆ ಅದಕ್ಕಿಂತ ಗಟ್ಟಿಯಾದ ಫೋಮಿನ, ದಿಮ್ಮಿಯ ಎರಡು ತುದಿಗಳಿಗೂ ರೆಕ್ಕೆಯ ಅಡ್ಡಸೀಳಿನ ಆಕಾರದ ಪಟ್ಟಿಗಳನ್ನು ಮೊಳೆ ಹೊಡೆದು ಕೂರಿಸಿ, ವಿದ್ಯುತ್ತಿನಿಂದ ಕಾದ ತಂತಿಯನ್ನು ಆ ಪಟ್ಟಿಗಳ ಅಂಚಿನ ಮೇಲೆ ಎಳೆದರೆ ರೆಕ್ಕೆಯ ತಿರುಳು ಸಿದ್ಧವಾಗುತ್ತದೆ. ತಂತಿಯನ್ನು ಹಿಡಿಯಲು ಇಬ್ಬರು ಬೇಕು. ರೆಕ್ಕೆ ತುದಿಯ ಕಡೆಗೆ ಕಿರಿದಾಗುವುದರಿಂದ ಎರಡು ಕೈಗಳೂ ಒಂದೇ ವೇಗದಲ್ಲಿ ಸಾಗುವಂತಿಲ್ಲ. ಅದಕ್ಕಾಗಿ ಎರಡೂ ಪಟ್ಟಿಗಳ ಮೇಲೆ ಒಂದೇ ಸಂಖ್ಯೆಯ ಗುರುತುಗಳನ್ನು ಹಾಕಿಕೊಂಡು, ಒಬ್ಬರು ಗಟ್ಟಿಯಾಗಿ ಅಂಕಿ ಹೇಳುತ್ತಾ ಹೋದಂತೆ ಇನ್ನೊಬ್ಬರು ಅದೇ ಅಂಕಿಯನ್ನು ಅದೇ ಕ್ಷಣ ದಾಟಬೇಕು. ನೆನಪಿಡಿ, ವಿಮಾನದ ಇತರ ಭಾಗಗಳಲ್ಲಿ ಬಳಸುವ ಯುರಿಥೇನ್ ಫೋಮನ್ನು ಎಂದಿಗೂ ಕಾದ ತಂತಿಯಿಂದ ಕತ್ತರಿಸಬಾರದು, ಏಕೆಂದರೆ ಅದು ಕಾದಾಗ ವಿಷಾನಿಲ ಹೊಮ್ಮುತ್ತದೆ. ಅದನ್ನು ಚಾಕುವಿನಿಂದ ಕೊಯ್ದು ಉಪ್ಪುಕಾಗದದಿಂದ ತಿಕ್ಕಿ ರೂಪಿಸಬೇಕು.

ಅಂಟಿನ ವಿಷಯದಲ್ಲಿ ಎಪಾಕ್ಸಿಯನ್ನು ಬಿಟ್ಟು ಬೇರೆಯದನ್ನು ಯೋಚಿಸಬೇಡಿ. ದೋಣಿ ಮತ್ತು ನೀರಿನ ತೊಟ್ಟಿಗಳಿಗೆ ಬಳಸುವ ಪಾಲಿಯೆಸ್ಟರ್ ರಾಳವು ಪಾಲಿಸ್ಟೈರೀನ್ ಫೋಮನ್ನು ಕರಗಿಸಿಬಿಡುತ್ತದೆ. ಎಪಾಕ್ಸಿಗೆ ಬೆರೆಸುವ ಗಟ್ಟಿಕಾರಕವನ್ನು ಕಣ್ಣಳತೆಯಲ್ಲಿ ಹಾಕದೆ ತಕ್ಕಡಿಯಲ್ಲಿಟ್ಟು ತೂಗಬೇಕು. ಉದಾಹರಣೆಗೆ ಎಂಜಿಎಸ್ 285 ಎಂಬ ಎಪಾಕ್ಸಿಗೆ 100 ಗ್ರಾಂ ರಾಳಕ್ಕೆ 40 ಗ್ರಾಂ ಗಟ್ಟಿಕಾರಕ ಬೇಕು. ಬೇಗ ಒಣಗಲೆಂದು ಗಟ್ಟಿಕಾರಕವನ್ನು ಹೆಚ್ಚು ಹಾಕಿದರೆ ಕೆಲಸ ಬೇಗವಾಗುವುದಿಲ್ಲ, ಎಪಾಕ್ಸಿಯ ಬಲ ಶಾಶ್ವತವಾಗಿ ಕುಗ್ಗುತ್ತದೆ. ಒಮ್ಮೆಗೇ ಹೆಚ್ಚು ಬೆರೆಸಿ ಆಳವಾದ ಲೋಟದಲ್ಲಿ ಬಿಟ್ಟರೆ ಅದು ತನ್ನದೇ ಕಾವಿನಿಂದ ಹೊಗೆಯಾಡುವಷ್ಟು ಬಿಸಿಯಾಗಬಹುದು. ಇನ್ನು ಕೈಗವಸಿಲ್ಲದೆ ಎಪಾಕ್ಸಿಯನ್ನು ಮುಟ್ಟುವ ಅಭ್ಯಾಸವಿದ್ದವರಿಗೆ ಒಂದಲ್ಲ ಒಂದು ದಿನ ಚರ್ಮದ ಅಲರ್ಜಿ ಹತ್ತಿಕೊಳ್ಳಬಹುದು; ಹಾಗೆ ಹತ್ತಿದ್ದು ಮತ್ತೆ ಬಿಡುವುದು ಕಷ್ಟ, ಎಷ್ಟೋ ಮಂದಿ ಅರ್ಧ ಕಟ್ಟಿದ ವಿಮಾನವನ್ನು ಮಾರಲು ಅದೂ ಒಂದು ಕಾರಣ.

ಬಟ್ಟೆ ಹಾಸುವುದಕ್ಕೆ ಮೊದಲು, ಎಪಾಕ್ಸಿಗೆ ಕಣ್ಣಿಗೆ ಕಾಣದಷ್ಟು ಸಣ್ಣ ಟೊಳ್ಳು ಗಾಜಿನ ಗುಂಡುಗಳ ಪುಡಿಯನ್ನು ಬೆರೆಸಿ, ದೋಸೆಹಿಟ್ಟಿಗಿಂತ ತೆಳುವಾದ ಹದದಲ್ಲಿ ಫೋಮಿಗೆ ಬಳಿಯಬೇಕು. ಕಟ್ಟುವವರು ಇದನ್ನು ಮೈಕ್ರೋ ಎನ್ನುತ್ತಾರೆ. ಇದು ಫೋಮಿನ ರಂಧ್ರಗಳನ್ನು ತುಂಬಿ, ಅಲ್ಲಿ ಭಾರವಾದ ಶುದ್ಧ ಎಪಾಕ್ಸಿ ಇಳಿದುಹೋಗದಂತೆ ತಡೆಯುತ್ತದೆ. ಬಟ್ಟೆಯಲ್ಲಿ ಎರಡು ಬಗೆ: ಎಳೆಗಳೆಲ್ಲ ಹೆಚ್ಚುಕಡಿಮೆ ಒಂದೇ ದಿಕ್ಕಿಗಿರುವುದು ಯೂನಿ, ಹಾಸು-ಹೊಕ್ಕುಗಳೆರಡೂ ಸಮನಾಗಿರುವುದು ಬಿಡ್. ನಕ್ಷೆ ಯಾವ ಪದರವನ್ನು ಯಾವ ಕೋನದಲ್ಲಿ ಹಾಸಲು ಹೇಳಿದೆಯೋ ಹಾಗೆಯೇ ಹಾಸಬೇಕು, ಏಕೆಂದರೆ ರೆಕ್ಕೆ ಬಾಗುವುದನ್ನು ತಡೆಯುವ ಬಲ ಎಳೆಗಳ ಉದ್ದಕ್ಕೆ ಮಾತ್ರ ಇದೆ. ರೆಕ್ಕೆ ತಿರುಚಿಕೊಳ್ಳದಂತೆ ಹಿಡಿಯುವುದು ಓರೆಯಾಗಿ ಹಾಸಿದ ಎಳೆಗಳು. ಎಪಾಕ್ಸಿ ಸುರಿದು ರಬ್ಬರ್ ಪಟ್ಟಿಯಿಂದ ಎಳೆಯುತ್ತಾ ಹೋದಂತೆ ಬಿಳಿಯ ಬಟ್ಟೆ ಪಾರದರ್ಶಕವಾಗುತ್ತದೆ. ಎಲ್ಲಿ ಇನ್ನೂ ಬಿಳಿಯ ಮಚ್ಚೆಗಳಿವೆಯೋ ಅಲ್ಲಿ ಗಾಳಿ ಸಿಕ್ಕಿಕೊಂಡಿದೆ; ಎಲ್ಲಿ ಕೊಳದಂತೆ ಹೊಳೆಯುತ್ತಿದೆಯೋ ಅಲ್ಲಿ ಬಲ ಕೊಡದ ಭಾರ ನಿಂತಿದೆ. ನಾಲ್ಕೈದು ಗಂಟೆಗಳ ನಂತರ, ಎಪಾಕ್ಸಿ ಇನ್ನೂ ಚಕ್ಕಳದ ಹದದಲ್ಲಿರುವಾಗಲೇ, ಹೊರಚಾಚಿದ ಅಂಚನ್ನು ಹರಿತವಾದ ಬ್ಲೇಡಿನಿಂದ ಕೊಯ್ದುಬಿಟ್ಟರೆ ಮರುದಿನ ಗರಗಸ ಹಿಡಿಯುವ ಶ್ರಮ ಉಳಿಯುತ್ತದೆ.

ಪೂರ್ತಿ ಗಟ್ಟಿಯಾದ ಮೇಲೆ ಈ ತುಂಡನ್ನು ಮುದ್ದಾಗಿ ಇಟ್ಟುಕೊಳ್ಳದೆ ಒಡೆದು ನೋಡಿ. ಗಾಜಿನ ಚರ್ಮವನ್ನು ಬಲವಂತವಾಗಿ ಕಿತ್ತಾಗ ಫೋಮು ಹರಿದು ಚರ್ಮದ ಜೊತೆಗೇ ಬಂದರೆ ಅಂಟು ಸರಿಯಾಗಿದೆ. ಸ್ವಚ್ಛವಾಗಿ ಸುಲಿದು ಬಂದರೆ ಇಲ್ಲ. ಈ ಒಂದು ಪ್ರಯೋಗ ಮಾಡಿದವರ ಕಣ್ಣು, ಬೇರೊಬ್ಬರ ವಿಮಾನದ ಬಣ್ಣ ಹೊಡೆಯದ ಒಳಮೈಯನ್ನು ಟಾರ್ಚ್ ಹಿಡಿದು ನೋಡುವಾಗ ಬೇರೆಯದೇ ಆಗಿರುತ್ತದೆ.

ಕಾಗದಪತ್ರ ಮತ್ತು ನಕ್ಷೆಯಿಂದಾದ ಬದಲಾವಣೆಗಳು

ಅಮೆರಿಕದ ನಿಯಮದಲ್ಲಿ ಇಂಥ ವಿಮಾನ ಪ್ರಾಯೋಗಿಕ ವರ್ಗಕ್ಕೆ ಸೇರುತ್ತದೆ. ಅದನ್ನು ಕಟ್ಟಿದವರು ವಾರ್ಷಿಕ ತಪಾಸಣೆಗೆ ತಾವೇ ಸಹಿ ಮಾಡುವ ಪ್ರಮಾಣಪತ್ರ ಪಡೆಯಬಹುದು. ಆದರೆ ಆ ಹಕ್ಕು ವಿಮಾನದೊಡನೆ ನಿಮಗೆ ಬರುವುದಿಲ್ಲ. ಎರಡನೆಯ ಒಡೆಯರು ದುರಸ್ತಿಯನ್ನು ತಾವೇ ಮಾಡಬಹುದಾದರೂ ವಾರ್ಷಿಕ ತಪಾಸಣೆಗೆ ಸಾಮಾನ್ಯವಾಗಿ ಪರವಾನಗಿ ಹೊಂದಿದ ಮೆಕ್ಯಾನಿಕ್ ಬೇಕು. ಗಾಜುನಾರಿನ ಕೆಲಸ ಬಲ್ಲ ಮೆಕ್ಯಾನಿಕ್ ನಿಮ್ಮ ಊರಿನ ಹತ್ತಿರ ಇದ್ದಾರೆಯೇ ಎಂಬುದನ್ನು ಹಣ ಕೊಡುವುದಕ್ಕೆ ಮೊದಲೇ ವಿಚಾರಿಸಿಕೊಳ್ಳಿ. ಲಾಗ್‌ಬುಕ್ಕುಗಳ ಜೊತೆಗೆ ಕಟ್ಟುವಾಗ ತೆಗೆದ ಫೋಟೋಗಳನ್ನೂ ಕೇಳಿ ಪಡೆಯಿರಿ, ಏಕೆಂದರೆ ಬಣ್ಣದ ಕೆಳಗಿನ ಪದರಗಳನ್ನು ಇನ್ನು ನೋಡಲು ಉಳಿದಿರುವ ದಾರಿ ಅದೊಂದೇ. ನಕ್ಷೆ ಮಾರಿದ ಸಂಸ್ಥೆಯು ಬಳಿಕ ತನ್ನ ವಾರ್ತಾಪತ್ರದಲ್ಲಿ ಪ್ರಕಟಿಸಿದ ಕಡ್ಡಾಯ ತಿದ್ದುಪಡಿಗಳೆಲ್ಲ ಆಗಿವೆಯೇ ಎಂದು ಒಂದೊಂದಾಗಿ ತಾಳೆ ನೋಡಿ.

ನಕ್ಷೆಯನ್ನು ಬಿಟ್ಟು ಮಾಡಿದ ಬದಲಾವಣೆಗಳು ಎಷ್ಟು ದುಬಾರಿಯಾಗಬಲ್ಲವು ಎಂಬುದಕ್ಕೆ 1997ರ ಅಕ್ಟೋಬರ್ 12ರಂದು ಕ್ಯಾಲಿಫೋರ್ನಿಯದ ಪೆಸಿಫಿಕ್ ಗ್ರೋವ್ ಬಳಿ ಗಾಯಕ ಜಾನ್ ಡೆನ್ವರ್ ಅವರ ಸಾವಿಗೆ ಕಾರಣವಾದ ಅಪಘಾತವೇ ಸಾಕ್ಷಿ. ಅವರು ಆಗಷ್ಟೇ ಕೊಂಡಿದ್ದ ಲಾಂಗ್-ಈಝಿಯಲ್ಲಿ, ಯಾವ ಟ್ಯಾಂಕಿನಿಂದ ಇಂಧನ ಬರಬೇಕೆಂದು ತಿರುಗಿಸುವ ಹಿಡಿಕೆಯು ನಕ್ಷೆಯಲ್ಲಿದ್ದ ಜಾಗದಲ್ಲಿರದೆ ಪೈಲಟ್ಟಿನ ಎಡ ಹೆಗಲಿನ ಹಿಂದೆ ಇತ್ತು. ಅದರ ಮೇಲೆ ಗುರುತುಗಳಿರಲಿಲ್ಲ, ಇಂಧನದ ಮಟ್ಟ ತೋರಿಸುವ ಕೊಳವೆಗಳ ಮೇಲೂ ಅಳತೆಯ ಗೆರೆಗಳಿರಲಿಲ್ಲ. ಹಿಂದಕ್ಕೆ ತಿರುಗಿ ಆ ಹಿಡಿಕೆಯನ್ನು ತಿರುಗಿಸಲು ಹೋದಾಗ ಬಲಗಾಲು ಅರಿವಿಲ್ಲದೆ ಚುಕ್ಕಾಣಿಯ ಪೆಡಲನ್ನು ಒತ್ತಿ ವಿಮಾನ ಹತೋಟಿ ತಪ್ಪಿತೆಂದು ತನಿಖಾ ಮಂಡಳಿ ನಿರ್ಣಯಿಸಿತು. ಹಾರಾಟಕ್ಕೆ ಮೊದಲು ಇಂಧನ ತುಂಬಿಸದಿದ್ದುದೂ, ಈ ಮಾದರಿಯಲ್ಲಿ ಸಾಕಷ್ಟು ತರಬೇತಿ ಇಲ್ಲದಿದ್ದುದೂ ಕಾರಣಗಳ ಪಟ್ಟಿಯಲ್ಲಿದ್ದವು. ಆದ್ದರಿಂದ ಕೊಳ್ಳುವ ದಿನ ಸೀಟಿನಲ್ಲಿ ಕುಳಿತು, ಬೆಲ್ಟುಗಳನ್ನು ಬಿಗಿದುಕೊಂಡು, ಕಣ್ಣು ಮುಚ್ಚಿ ಪ್ರತಿಯೊಂದು ಹಿಡಿಕೆಯನ್ನೂ ಮುಟ್ಟಿ ನೋಡಿ. ಕೈಗೆ ಸಿಗದ ಹಿಡಿಕೆ ಒಂದಿದ್ದರೂ ಅದನ್ನು ಸರಿಪಡಿಸುವವರೆಗೆ ಆ ವಿಮಾನವನ್ನು ಹಾರಿಸಬಾರದು.

ತಟ್ಟಿ, ತೂಗಿ, ಮೂಸಿ ನೋಡುವುದು

ಸಂತೆಯಲ್ಲಿ ಮಡಕೆ ಕೊಳ್ಳುವವರು ಬೆರಳಿನಿಂದ ತಟ್ಟಿ ನೋಡುತ್ತಾರಲ್ಲ, ಇಲ್ಲಿಯೂ ಅದೇ ಪರೀಕ್ಷೆ. ಒಂದು ನಾಣ್ಯದಿಂದ ರೆಕ್ಕೆಯ ಮೇಲ್ಮೈಯನ್ನು ಅಂಗುಲ ಅಂಗುಲಕ್ಕೂ ಮೆಲ್ಲಗೆ ತಟ್ಟುತ್ತಾ ಹೋಗಿ; ಚರ್ಮವು ಫೋಮಿಗೆ ಹಿಡಿದುಕೊಂಡಿರುವಲ್ಲಿ ನಾದ ಸ್ಪಷ್ಟವಾಗಿಯೂ ಬಿಟ್ಟುಕೊಂಡಿರುವಲ್ಲಿ ಮಂದವಾಗಿಯೂ ಕೇಳುತ್ತದೆ. ಅಂಥ ಜಾಗದ ಸುತ್ತ ಪೆನ್ಸಿಲಿನಿಂದ ಗೆರೆ ಎಳೆದು ಫೋಟೋ ತೆಗೆದುಕೊಳ್ಳಿ. ಗಾಢ ಬಣ್ಣ ಹೊಡೆದ ರೆಕ್ಕೆಗಳ ಬಗ್ಗೆ ವಿಶೇಷ ಎಚ್ಚರವಿರಲಿ. ಈ ವಿಮಾನಗಳೆಲ್ಲ ಬೆಳ್ಳಗಿರುವುದಕ್ಕೆ ಕಾರಣ ಅಂದವಲ್ಲ. ಬಿಸಿಲಿನಲ್ಲಿ ಗಾಢ ಬಣ್ಣ ಹೀರುವ ಶಾಖಕ್ಕೆ ಎಪಾಕ್ಸಿಯೂ ಫೋಮೂ ಮೆತ್ತಗಾಗುತ್ತವೆ.

ಮುಖ್ಯ ಚಕ್ರಗಳ ಕಾಲುಗಳೂ ಗಾಜುನಾರಿನವೇ ಆದುದರಿಂದ, ಬ್ರೇಕಿನ ಕಾವು ತಗುಲಿ ಕೆಳತುದಿ ಕಂದಿದೆಯೇ, ಶಾಖ ತಡೆಯುವ ಹೊದಿಕೆ ಇದೆಯೇ, ಬಿಸಿಲ ನಾಡಿನಲ್ಲಿ ವರ್ಷಗಟ್ಟಲೆ ನಿಂತು ಕಾಲುಗಳು ಅಗಲಕ್ಕೆ ಚಾಚಿವೆಯೇ ಎಂದು ನೋಡಬೇಕು. ರೆಕ್ಕೆಯ ಬುಡದಲ್ಲಿರುವ ಇಂಧನ ಟ್ಯಾಂಕಿನ ತಳಭಾಗದಲ್ಲಿ ನೀಲಿ ಕಲೆಗಳಿದ್ದರೆ ಸೋರಿಕೆ ಇದೆಯೆಂದೇ ಅರ್ಥ, ಏಕೆಂದರೆ 100 ಎಲ್‌ಎಲ್ ಎಂಬ ವಿಮಾನ ಪೆಟ್ರೋಲಿಗೆ ನೀಲಿ ಬಣ್ಣ ಬೆರೆಸಿರುತ್ತಾರೆ. ಕಾಕ್‌ಪಿಟ್ ಮುಚ್ಚಿ ಸ್ವಲ್ಪ ಹೊತ್ತಿನ ಮೇಲೆ ತೆರೆದು ಮೂಸಿ ನೋಡುವುದೂ ಒಂದು ಪರೀಕ್ಷೆಯೇ. ಲಾಂಗ್-ಈಝಿಯ ಅಣ್ಣನಾದ, ಅಂದರೆ ರುಟಾನ್ ಅವರೇ ಅದಕ್ಕೆ ಮೊದಲು ರೂಪಿಸಿದ ವೇರಿ-ಈಝಿಯನ್ನು ಕೊಳ್ಳುವವರು ರೆಕ್ಕೆಯನ್ನು ಬಿಗಿಯುವ ಅಲ್ಯೂಮಿನಿಯಂ ಜೋಡಣೆಗಳಲ್ಲಿ ತುಕ್ಕು ಹಿಡಿದಿದೆಯೇ ಎಂಬುದನ್ನು ರೆಕ್ಕೆ ಬಿಚ್ಚಿಸಿಯೇ ನೋಡಬೇಕು.

ಕೆನಾರ್ಡ್ ಯಾವುದೆಂದು ಕೇಳಿ. ಮೊದಲಿನ ವಿನ್ಯಾಸದ ಕೆನಾರ್ಡಿನಲ್ಲಿ ಮಳೆಹನಿ ಬಿದ್ದಾಗ ಎತ್ತುವ ಬಲ ಕುಗ್ಗಿ ಮೂತಿ ತಗ್ಗುವ ಸ್ವಭಾವ ಕಂಡುಬಂದಿತ್ತು; ಬಳಿಕ ಜಾನ್ ರಾಂಜ್ ರೂಪಿಸಿದ ಆಕಾರವು ಆ ತೊಂದರೆಯನ್ನು ನಿವಾರಿಸಿತು. ಈ ಬಗೆಯ ವಿಮಾನ ಸುರಕ್ಷಿತವೆನ್ನಿಸಿಕೊಂಡದ್ದೇ ವೇಗ ತೀರ ಕುಗ್ಗಿದಾಗ ಕೆನಾರ್ಡ್ ಮುಖ್ಯ ರೆಕ್ಕೆಗಿಂತ ಮೊದಲು ಎತ್ತುವ ಬಲ ಕಳೆದುಕೊಂಡು ಮೂತಿಯನ್ನು ತಾನಾಗಿ ಇಳಿಸುವುದರಿಂದ, ಮತ್ತು ಅದು ನಡೆಯುವುದು ಗುರುತ್ವ ಕೇಂದ್ರ ತನ್ನ ಮಿತಿಯೊಳಗಿದ್ದರೆ ಮಾತ್ರ. ಪೈಲಟ್ ಇಳಿದೊಡನೆ ಹಿಂದಕ್ಕೆ ಮಗುಚುವಷ್ಟು ಇದರ ಬಾಲ ಭಾರ. ಅದಕ್ಕಾಗಿಯೇ ಮುಂದಿನ ಚಕ್ರವನ್ನು ಮಡಚಿ, ಮೇಯುವ ಹಸುವಿನಂತೆ ಮೂತಿಯನ್ನು ನೆಲಕ್ಕೂರಿ ನಿಲ್ಲಿಸುತ್ತಾರೆ. ಹಳೆಯ ತೂಕಪಟ್ಟಿಯನ್ನು ನಂಬದೆ, ಮೂರು ಚಕ್ರಗಳ ಕೆಳಗೂ ತಕ್ಕಡಿಯಿಟ್ಟು ಹೊಸದಾಗಿ ತೂಗಿಸಿ. ಪೂರ್ಣ ಭಾರದ ಮಿತಿ 1,325 ಪೌಂಡು, ಅಂದರೆ ಸುಮಾರು 600 ಕಿಲೋ ಆಗಿರುವಾಗ, ಎಂಜಿನ್ ಕಡೆ ಸೇರಿಕೊಂಡ ಹತ್ತು ಕಿಲೋ ಕೂಡ ಲೆಕ್ಕವನ್ನು ಬದಲಿಸುತ್ತದೆ.

ಎಂಜಿನ್ ಹೆಚ್ಚಾಗಿ ಲೈಕಮಿಂಗ್ ಓ-235 ಅಥವಾ ಓ-320 ಆಗಿರುತ್ತದೆ. ಇವುಗಳಲ್ಲಿ ಕವಾಟಗಳನ್ನು ತೆರೆಯುವ ಕ್ಯಾಮ್‌ಶಾಫ್ಟ್ ಎಂಬ ದಂಡ ಮೇಲ್ಭಾಗದಲ್ಲಿರುವುದರಿಂದ, ಓಡಿಸದೆ ನಿಲ್ಲಿಸಿದಾಗ ಎಣ್ಣೆಯೆಲ್ಲ ಕೆಳಗಿಳಿದು ಅದಕ್ಕೆ ತುಕ್ಕು ಹಿಡಿಯುತ್ತದೆ. ಕಡಿಮೆ ಗಂಟೆ ಓಡಿ ಹತ್ತು ವರ್ಷ ಶೆಡ್ಡಿನಲ್ಲಿ ನಿಂತ ಎಂಜಿನ್ನಿಗಿಂತ, ವಾರವಾರವೂ ಹಾರಿದ ಎಂಜಿನ್ನನ್ನೇ ನಾನು ಆರಿಸಿಕೊಳ್ಳುವೆ.

ಪುನರುಜ್ಜೀವನದ ಕೆಲಸ

ಹಳೆಯ ಬಣ್ಣ ತೆಗೆಯಲು ರಾಸಾಯನಿಕ ಬಣ್ಣ ನಿವಾರಕವನ್ನು ಮುಟ್ಟಲೇಬಾರದು. ಅದು ಬಣ್ಣದ ಜೊತೆಗೆ ಎಪಾಕ್ಸಿಯನ್ನೂ ತಿನ್ನುತ್ತದೆ. ಮುಖವಾಡ ಧರಿಸಿ, ಉಪ್ಪುಕಾಗದದಿಂದ ಕೈಯಾರೆ ಉಜ್ಜಿ, ಪ್ರೈಮರಿನ ಬಣ್ಣ ಕಂಡೊಡನೆ ನಿಲ್ಲಬೇಕು. ಗಾಜಿನ ಎಳೆ ಕಾಣಿಸಿದರೆ ಬಲ ಕಡಿಮೆಯಾಗತೊಡಗಿದೆ ಎಂದರ್ಥ. ಹಾನಿಯಾದ ಜಾಗದಲ್ಲಿ ಸುತ್ತಲಿನ ಪದರಗಳನ್ನು ಇಳಿಜಾರಾಗಿ ತಿಕ್ಕಿ, ಮೂಲದಲ್ಲಿದ್ದಷ್ಟೇ ಪದರಗಳನ್ನು ಅದೇ ದಿಕ್ಕಿನಲ್ಲಿ, ಪ್ರತಿ ಪದರವೂ ಹಳೆಯದರ ಮೇಲೆ ಸುಮಾರು ಒಂದು ಅಂಗುಲ ಹತ್ತುವಂತೆ ಹಾಸಬೇಕು. ಟ್ಯಾಂಕಿನ ಸೋರಿಕೆಗೆ ಹೊರಗಿನಿಂದ ತೇಪೆ ಹಚ್ಚಿದರೆ ನಿಲ್ಲುವುದು ಅಪರೂಪ; ಟ್ಯಾಂಕನ್ನು ಬರಿದು ಮಾಡಿ ಒಣಗಿಸಿ, ಒಳಗಿನ ಗಾಳಿಯನ್ನು ಮೆಲ್ಲಗೆ ಹೀರುತ್ತಾ ಹೊರಗಿನಿಂದ ಎಪಾಕ್ಸಿ ಬಳಿದರೆ ಅದು ಬಿರುಕಿನೊಳಕ್ಕೆ ತಾನೇ ಇಳಿಯುತ್ತದೆ.

ಹೊಸ ಬಣ್ಣದ ಕೆಳಗೆ ಸೂರ್ಯನ ಅತಿನೇರಳೆ ಕಿರಣಗಳನ್ನು ತಡೆಯುವ ಪ್ರೈಮರ್ ಇರಲೇಬೇಕು. ಕೆನಾರ್ಡಿನ ಎಲಿವೇಟರುಗಳಿಗೆ, ಅಂದರೆ ಮೂತಿಯನ್ನು ಏರಿಸಿ ಇಳಿಸಲು ಅದರ ಹಿಂಬದಿಯಲ್ಲಿ ಆಡುವ ಪಟ್ಟಿಗಳಿಗೆ, ಬಣ್ಣ ಹೊಡೆದ ಮೇಲೆ ಅವುಗಳ ಸಮತೋಲವನ್ನು ಮತ್ತೆ ಪರೀಕ್ಷಿಸಬೇಕು, ಏಕೆಂದರೆ ಹಿಂಭಾಗದಲ್ಲಿ ಸೇರಿದ ಒಂದು ತೆಳು ಪದರ ಬಣ್ಣವೂ ಹೆಚ್ಚಿನ ವೇಗದಲ್ಲಿ ಅವು ಬಡಿದುಕೊಳ್ಳಲು ಕಾರಣವಾಗಬಹುದು.

ಎಲ್ಲ ಮುಗಿದು ಮೊದಲ ಹಾರಾಟಕ್ಕೆ ಹೊರಡುವ ಮುನ್ನ, ಇದೇ ಮಾದರಿಯನ್ನು ಹಾರಿಸಿ ಅನುಭವವಿದ್ದವರ ಹಿಂದಿನ ಸೀಟಿನಲ್ಲಿ ಕೆಲವು ಗಂಟೆ ಕುಳಿತು ಬನ್ನಿ. ಪ್ರೊಪೆಲ್ಲರ್ ಹಿಂದಿರುವುದರಿಂದ ಎಂಜಿನ್ ಹೊದಿಕೆಯೊಳಗೆ ಸಡಿಲಾದ ಪ್ರತಿಯೊಂದು ನಟ್ಟೂ ಅದರ ಮೂಲಕವೇ ಹೊರಬೀಳುತ್ತದೆ. ಹೊದಿಕೆಯನ್ನು ಮುಚ್ಚುವ ಮುಂಚೆ ಸೈಲೆನ್ಸರ್ ಕೊಳವೆಯ ಬೋಲ್ಟುಗಳನ್ನೂ ಸುರಕ್ಷಾ ತಂತಿಗಳನ್ನೂ ಕೈಯಿಂದ ಎಳೆದು ನೋಡಿ. ಮರದ ಪ್ರೊಪೆಲ್ಲರ್ ಇದ್ದರೆ, ತೇವದ ಊರಿನಿಂದ ಒಣಹವೆಯ ಊರಿಗೆ ತಂದಾಗ ಮರ ಕುಗ್ಗಿ ಬೋಲ್ಟುಗಳು ಸಡಿಲಾಗುತ್ತವೆ. ತಂದ ವಾರದಲ್ಲೇ, ಆಮೇಲೆ ಋತು ಬದಲಾದಾಗಲೆಲ್ಲ, ತಯಾರಕರು ಹೇಳಿದ ಅಳತೆಗೆ ಟಾರ್ಕ್ ರೆಂಚಿನಿಂದ ಅವನ್ನು ಮತ್ತೆ ಬಿಗಿಯಿರಿ.