ಐಇಎಲ್‌ಟಿಎಸ್ ಎರಡು ಸಲ ಬರೆದೆ, ಮೊದಲ್ನೇ ಸಲ ನನ್ನ ಕೆಡಿಸಿದ್ದು ಇಂಗ್ಲಿಷಿನ ಎ ಮತ್ತು ದ (a, the)

ನಾನು ಹತ್ತನೇ ಕ್ಲಾಸ್ ತನಕ ತಿಪಟೂರು ಹತ್ರ ಕನ್ನಡ ಮೀಡಿಯಂ, ಆಮೇಲೆ ಡಿಪ್ಲೊಮಾ, ಆಮೇಲೆ ಇಂಜಿನಿಯರಿಂಗ್, ಆಮೇಲೆ ಬೆಂಗಳೂರಲ್ಲಿ ಆರು ವರ್ಷ ಕೆಲಸ. ಆಫೀಸಲ್ಲಿ ದಿನಾ ಇಂಗ್ಲಿಷ್ ಮೇಲ್ ಬರೀತೀನಿ, ಕಾಲ್‌ನಲ್ಲಿ ಮಾತಾಡ್ತೀನಿ, ಹಂಗಾಗಿ ಐರ್ಲೆಂಡಲ್ಲಿ ಮಾಸ್ಟರ್ಸ್‌ಗೆ ಅಪ್ಲೈ ಮಾಡ್ಬೇಕು ಅಂದಾಗ ಐಇಎಲ್‌ಟಿಎಸ್ ಅಕಾಡೆಮಿಕ್ (ವಿದೇಶದಲ್ಲಿ ಓದೋಕೆ ಹೋಗೋರು ಬರೆಯೋ ಇಂಗ್ಲಿಷ್ ಪರೀಕ್ಷೆ) ಅಂದ್ರೆ ಏನ್ಮಹಾ ಅಂತ ಇದ್ದೆ. ಕೋರ್ಸಿಗೆ ಬೇಕಿದ್ದಿದ್ದು 9ಕ್ಕೆ ಓವರಾಲ್ 6.5, ಯಾವ ಸೆಕ್ಷನ್ನೂ 6ಕ್ಕಿಂತ ಕೆಳಗೆ ಇರಬಾರ್ದು.

ಮೊದಲ್ನೇ ಸಲ ಬಂದಿದ್ದು ಲಿಸನಿಂಗ್ 7, ರೀಡಿಂಗ್ 6.5, ರೈಟಿಂಗ್ 5.5, ಸ್ಪೀಕಿಂಗ್ 6. ಕೂಡಿ ನಾಲ್ಕರಿಂದ ಭಾಗಿಸಿದ್ರೆ 6.25, ಅವ್ರು ಕಾಲು ಬಂದ್ರೆ ಮೇಲಿನ ಅರ್ಧಕ್ಕೆ ಏರಿಸ್ತಾರೆ, ಹಂಗಾಗಿ ಓವರಾಲ್ 6.5. ಮೊಬೈಲಲ್ಲಿ ಆ 6.5 ನೋಡಿ ಅರ್ಧ ನಿಮಿಷ ಖುಷಿ ಪಟ್ಟೆ, ಆಮೇಲೆ ಆ 5.5 ಕಣ್ಣಿಗೆ ಬಿತ್ತು. ಹದಿನಾರು ಸಾವಿರದ ಮೇಲೆ ಕೊಟ್ಟಿದ್ದ ಫೀಸು ಹೋಯ್ತು. ಒಂದೇ ಸೆಕ್ಷನ್ ಮತ್ತೆ ಬರೆಯೋ ಅವಕಾಶ ಇದೆ, ಆದ್ರೆ ಅದು ಕಂಪ್ಯೂಟರ್‌ನಲ್ಲಿ ಬರೆದೋರಿಗೆ ಮಾತ್ರ, ನಾನು ಬರೆದಿದ್ದು ಪೇಪರ್ ಮೇಲೆ.

ಎಲ್ಲಿ ಎಡವಿದೆ ಅಂತ ಈಗ ಹೇಳ್ಬೋದು. ಎರಡು ತಿಂಗಳು ಪದ ಬಾಯಿಪಾಠ ಮಾಡಿದ್ದೆ. ಒಂದು ಕೋಚಿಂಗ್ ಸೆಂಟರ್‌ಗೆ ಸೇರಿದ್ದೆ, ಅಲ್ಲಿ ಪ್ರಬಂಧಕ್ಕೆ ರೆಡಿಮೇಡ್ ಟೆಂಪ್ಲೇಟ್ ಕೊಟ್ಟಿದ್ರು, ಮೊದಲ್ನೇ ವಾಕ್ಯ ಇದು, ಕೊನೇ ವಾಕ್ಯ ಇದು, ಮಧ್ಯೆ ವಿಷಯ ತುಂಬು ಅಂತ. ಮದುವೆ ಕಾರ್ಡಲ್ಲಿ ಹೆಸರು ಬದಲಾಯಿಸಿದಂಗೆ. 'ಇನ್ ದಿಸ್ ಕಾಂಟೆಂಪರರಿ ಎರಾ' ಅಂತ ಶುರು ಮಾಡಿ, ಎರಡನೇ ಪ್ಯಾರಾದಲ್ಲಿ ನನ್ನದೇ ಇಂಗ್ಲಿಷ್ ಬಂದ ತಕ್ಷಣ 'ಮೆನಿ ಸ್ಟೂಡೆಂಟ್ ಆರ್ ಹ್ಯಾವಿಂಗ್' ಅಂತ ಆದ್ರೆ ನೋಡೋನಿಗೆ ಗೊತ್ತಾಗಲ್ವಾ? ಇದರ ಜೊತೆ ಟೈಮು ಬೇರೆ. ರೈಟಿಂಗ್‌ಗೆ ಒಟ್ಟು 60 ನಿಮಿಷ, ಟಾಸ್ಕ್ 1 ಗ್ರಾಫ್ ನೋಡಿ 150 ಪದ, ಟಾಸ್ಕ್ 2 ಪ್ರಬಂಧ 250 ಪದ. ಇಂಜಿನಿಯರ್ ಅಲ್ವಾ, ಗ್ರಾಫ್ ಕಂಡ್ರೆ ಪ್ರೀತಿ, ಇದ್ದ ಬದ್ದ ನಂಬರ್ ಎಲ್ಲಾ ಬರೆದು ಅಲ್ಲೇ 35 ನಿಮಿಷ ಕಳೆದೆ. ಟಾಸ್ಕ್ 2ಕ್ಕೆ ಮಾರ್ಕ್ಸ್ ಡಬಲ್ ತೂಕ ಅಂತ ಗೊತ್ತಿದ್ದೂ ಹಂಗೆ ಮಾಡಿದೆ, ಪ್ರಬಂಧ 200 ಪದ ದಾಟಿತ್ತೋ ಇಲ್ವೋ.

ಎರಡನೇ ಸಲಕ್ಕೆ ಕೋಚಿಂಗ್ ಬಿಟ್ಟೆ. ನಮ್ಮಕ್ಕ ಊರಲ್ಲಿ ಹೈಸ್ಕೂಲ್ ಇಂಗ್ಲಿಷ್ ಟೀಚರ್, ಅವ್ಳಿಗೆ ದಿನಾ ರಾತ್ರಿ ಒಂದು ಪ್ರಬಂಧ ಬರೆದು ಫೋಟೋ ತೆಗೆದು ವಾಟ್ಸಾಪ್ ಮಾಡ್ತಿದ್ದೆ. ಅವ್ಳು ಪ್ರಿಂಟ್ ತೆಗೆದು ಕೆಂಪು ಪೆನ್ನಲ್ಲಿ ಸುತ್ತು ಹಾಕಿ ವಾಪಸ್ ಕಳಿಸೋಳು. ಮೊದಲ್ನೇ ಪ್ರಬಂಧದಲ್ಲಿ 19 ಸುತ್ತು. ಫೋನ್ ಮಾಡಿ 'ಲೋ, ನಿಂಗೆ ಪದ ಗೊತ್ತಿಲ್ಲ ಅಂತಲ್ಲ ಕಣೋ, ನೀನು ಕನ್ನಡಾನ ಇಂಗ್ಲಿಷ್ ಅಂಗಿ ಹಾಕಿ ಕಳಿಸ್ತಿದೀಯ' ಅಂದ್ಲು. ಆ 19ರಲ್ಲಿ 11 ಬರೀ ಎ, ಆನ್, ದ.

ಕನ್ನಡದಲ್ಲಿ 'ನಾಯಿ ಬಂತು' ಅಂದ್ರೆ ಯಾವ್ದೋ ಒಂದು ನಾಯಿನೂ ಆಗ್ಬೋದು, ನಮ್ಮನೆ ನಾಯಿನೂ ಆಗ್ಬೋದು, ಕೇಳೋರಿಗೆ ಸಂದರ್ಭ ನೋಡಿ ಗೊತ್ತಾಗುತ್ತೆ. ಇಂಗ್ಲಿಷಲ್ಲಿ ಅದನ್ನ ಹೇಳಲೇಬೇಕು. ಅಕ್ಕ ಕೊಟ್ಟ ಉಪಾಯ ಇದು, ಓದೋನು 'ಯಾವ ನಾಯಿ?' ಅಂತ ಕೇಳೋ ಹಂಗಿದ್ರೆ ಎ ಹಾಕು, ಕೇಳದೇ ಇದ್ರೆ ದ ಹಾಕು. ವ್ಯಾಕರಣದ ಪುಸ್ತಕದಲ್ಲಿ ಹತ್ತು ಪುಟ ಇರುತ್ತೆ, ನಂಗೆ ಕೆಲಸ ಮಾಡಿದ್ದು ಈ ಒಂದು ಪ್ರಶ್ನೆ. ಆಮೇಲೆ ಒಂದು ವಾರ ಅತಿಯಾಗಿ ಎಲ್ಲದಕ್ಕೂ ದ ಹಾಕೋಕೆ ಶುರು ಮಾಡಿದೆ, 'ದ ಎಜುಕೇಶನ್ ಈಸ್ ಇಂಪಾರ್ಟೆಂಟ್' ಅಂತ, ಅದಕ್ಕೂ ಬೈಸ್ಕೊಂಡೆ.

ಎರಡನೇದು ಬಹುವಚನ. 'ಹತ್ತು ಮರ', 'ಮೂರು ಪುಸ್ತಕ' ಅಂತೀವಲ್ಲ, ಹತ್ತು ಅಂದ್ಮೇಲೆ ಇನ್ನೇನು 'ಗಳು' ಅಂತ. ಅದೇ ಅಭ್ಯಾಸ ಕೈಲಿತ್ತು, ಎಸ್ ಬಿಟ್ಟುಬಿಡ್ತಿದ್ದೆ. ತಮಾಷೆ ಏನಂದ್ರೆ ಇದೇ ತಪ್ಪು ಲಿಸನಿಂಗ್‌ನಲ್ಲೂ ಮಾರ್ಕ್ಸ್ ತಿಂತಿತ್ತು. ಉತ್ತರ 'ಟಿಕೆಟ್ಸ್' ಅಂತಿದ್ರೆ ನಾನು 'ಟಿಕೆಟ್' ಬರೆದಿರ್ತಿದ್ದೆ, ತಪ್ಪು ಅಂದ್ರೆ ತಪ್ಪೇ. ಮೂರನೇದು ಉದ್ದ ವಾಕ್ಯ. 'ಎದ್ದು, ಮುಖ ತೊಳೆದು, ತಿಂಡಿ ತಿಂದು, ಬಸ್ ಹತ್ತಿ ಬಂದೆ' ಅಂತ ಕನ್ನಡದಲ್ಲಿ ಎಷ್ಟು ಉದ್ದ ಎಳೆದ್ರೂ ಕೊನೇಲಿ ಒಂದು ಕ್ರಿಯಾಪದ ಬಂದು ಎಲ್ಲಾ ಹಿಡ್ಕೊಳುತ್ತೆ, ಅದನ್ನೇ ಇಂಗ್ಲಿಷಲ್ಲಿ ಆಂಡ್ ಆಂಡ್ ಅಂತ ಮಾಡಿದ್ರೆ ಗಾಡಿ ಹಳಿ ತಪ್ಪುತ್ತೆ. (ಇಲ್ಲಿ ಕನ್ನಡದಲ್ಲಿ ಎಳೀತಿದೀನಿ, ಯಾರೂ ಸುತ್ತು ಹಾಕಲ್ಲ.)

ಒಂದು ನೋಟ್‌ಬುಕ್ ಮಾಡ್ಕೊಂಡೆ, ಪದಗಳದ್ದಲ್ಲ, ನನ್ನ ತಪ್ಪುಗಳದ್ದು. ಎಡಗಡೆ ನಾನು ಬರೆದಿದ್ದು, ಬಲಗಡೆ ಸರಿ ಇರೋದು. ಪ್ರಬಂಧ ಬರೆಯೋ ಮುಂಚೆ ಅದನ್ನ ಒಂದ್ಸಲ ಓದ್ತಿದ್ದೆ, ಮುಗಿಸಿದ ಮೇಲೆ ಕೊನೇ ಐದು ನಿಮಿಷ ಬೇರೆ ಏನೂ ನೋಡದೆ ಬರೀ ಆ ತಪ್ಪುಗಳನ್ನ ಹುಡುಕ್ತಿದ್ದೆ. ಐದಾರು ವಾರದಲ್ಲಿ 19 ಇದ್ದಿದ್ದು ಆರೇಳಕ್ಕೆ ಇಳೀತು. ಸೊನ್ನೆ ಯಾವತ್ತೂ ಆಗ್ಲಿಲ್ಲ. ಟಾಸ್ಕ್ 2 ಮೊದಲು, 40 ನಿಮಿಷ, ಆಮೇಲೆ ಗ್ರಾಫ್‌ಗೆ 20. ಗ್ರಾಫಲ್ಲಿ ಎಲ್ಲಾ ನಂಬರ್ ಬೇಡ, ಯಾವುದು ಏರಿತು ಯಾವುದು ಇಳೀತು ಯಾವುದು ಎಲ್ಲಕ್ಕಿಂತ ಜಾಸ್ತಿ ಅಂತ ಎರಡು ವಾಕ್ಯದಲ್ಲಿ ಒಟ್ಟು ಚಿತ್ರ ಕೊಟ್ಟು ಆಮೇಲೆ ಮುಖ್ಯವಾದ ನಂಬರ್ ಮಾತ್ರ. ಕಾರಣ ಊಹೆ ಮಾಡೋಕೆ ಹೋಗ್ಬಾರ್ದು, ಗ್ರಾಫಲ್ಲಿ ಇಲ್ಲದ್ದು ಬರೆಯೋ ಹಾಗಿಲ್ಲ.

ರೀಡಿಂಗ್ ಬಗ್ಗೆ ಜಾಸ್ತಿ ಹೇಳಲ್ಲ, ಮೂರು ಪ್ಯಾಸೇಜ್, 40 ಪ್ರಶ್ನೆ, 60 ನಿಮಿಷ, ಉತ್ತರ ಬರೆಯೋಕೆ ಬೇರೆ ಟೈಮ್ ಕೊಡಲ್ಲ. ಕೆಲವು ಪ್ರಶ್ನೆಗಳಲ್ಲಿ ಒಂದು ಹೇಳಿಕೆ ಕೊಟ್ಟು, ಪ್ಯಾಸೇಜ್ ಪ್ರಕಾರ ಅದು ಟ್ರೂನಾ, ಫಾಲ್ಸಾ, ನಾಟ್ ಗಿವನ್ನಾ ಅಂತ ಕೇಳ್ತಾರೆ, ತಲೆ ಕೆಡೋದು ಆ 'ನಾಟ್ ಗಿವನ್' ಅನ್ನೋದ್ರಲ್ಲಿ. ನಾನು ಅರ್ಥ ಮಾಡ್ಕೊಂಡಿದ್ದು ಹಿಂಗೆ. ಪ್ಯಾಸೇಜಲ್ಲಿ 'ತಿಪಟೂರು ಕೊಬ್ಬರಿಗೆ ಹೆಸರುವಾಸಿ' ಅಂತಿದೆ. ಪ್ರಶ್ನೆ 'ತಿಪಟೂರು ಕೊಬ್ಬರಿ ಎಲ್ಲಕ್ಕಿಂತ ರುಚಿ' ಅಂತ. ನಮ್ಮೂರೋರು ಎದೆ ತಟ್ಟಿ ಟ್ರೂ ಅಂತೀವಿ, ಆದ್ರೆ ರುಚಿ ವಿಷ್ಯ ಪ್ಯಾಸೇಜ್ ಎತ್ತೇ ಇಲ್ಲ, ನಾಟ್ ಗಿವನ್. 'ತಿಪಟೂರಿನ ಕೊಬ್ಬರಿಗೆ ಹೆಸರೇ ಇಲ್ಲ' ಅಂದ್ರೆ ಮಾತ್ರ ಫಾಲ್ಸ್. ಅಂದ್ರೆ ನಮಗೆ ಗೊತ್ತಿರೋದನ್ನ ಬಾಗಿಲ ಹೊರಗೆ ಚಪ್ಪಲಿ ಬಿಟ್ಟಂಗೆ ಬಿಟ್ಟು ಒಳಗೆ ಹೋಗ್ಬೇಕು.

ಲಿಸನಿಂಗ್ ಒಂದೇ ಸಲ ಕೇಳಿಸ್ತಾರೆ. ಅದ್ರಲ್ಲಿ ಮೋಸ ಇರೋದು ಮಾತಾಡೋರು 'ಗುರುವಾರ' ಅಂತಾರೆ, ನಾವು ಬರ್ಕೊಂಡು ನಿರಾಳ ಆಗೋಷ್ಟರಲ್ಲಿ 'ಅಯ್ಯೋ ಅಲ್ಲ, ಶುಕ್ರವಾರ' ಅಂತಾರೆ. ಆಮೇಲೆ ಸ್ಪೆಲಿಂಗ್, ಅಕಾಮಡೇಶನ್‌ಗೆ ಎರಡು ಸಿ ಎರಡು ಎಂ ಅನ್ನೋದನ್ನ ನಾನು ಕನಸಲ್ಲೂ ಹೇಳ್ತೀನಿ ಈಗ. ನಾನು ಪೇಪರಲ್ಲಿ ಬರೆದಾಗ ಉತ್ತರ ಶೀಟಿಗೆ ಇಳಿಸೋಕೆ ಕೊನೇಲಿ 10 ನಿಮಿಷ ಕೊಟ್ಟಿದ್ರು, ಕಂಪ್ಯೂಟರಲ್ಲಿ ಉತ್ತರ ಸರಿ ನೋಡ್ಕೊಳ್ಳೋಕೆ ಬರೀ 2 ನಿಮಿಷ. ಎರಡನೇ ಸಲ ನಾನು ಕಂಪ್ಯೂಟರ್ ತಗೊಂಡೆ, ಯಾಕಂದ್ರೆ ನನ್ನ ಅಕ್ಷರ ಕೋಳಿ ಕೆದರಿದಂಗೆ ಇದೆ, ಮತ್ತೆ ಎಷ್ಟು ಪದ ಆಯ್ತು ಅಂತ ಸ್ಕ್ರೀನ್ ಮೇಲೇ ತೋರಿಸುತ್ತೆ. ಪಕ್ಕದೋರ ಕೀಬೋರ್ಡ್ ಸದ್ದು ಮಾತ್ರ ಮೊದಲು ಸ್ವಲ್ಪ ಕಿರಿಕಿರಿ.

ಸ್ಪೀಕಿಂಗ್ 11ರಿಂದ 14 ನಿಮಿಷ, ಎದುರಿಗೆ ಒಬ್ರು ಕೂತು ಕೇಳ್ತಾರೆ, ಮಧ್ಯೆ ಒಂದು ಕಾರ್ಡ್ ಕೊಟ್ಟು ಒಂದು ನಿಮಿಷ ಯೋಚ್ನೆ ಮಾಡೋಕೆ ಬಿಟ್ಟು ಎರಡು ನಿಮಿಷದ ತನಕ ಮಾತಾಡಿ ಅಂತಾರೆ. ನಂಗೆ ಆ ಎರಡು ನಿಮಿಷ ತುಂಬಿಸೋದೇ ಕಷ್ಟ, ನಲವತ್ತು ಸೆಕೆಂಡಿಗೆ ವಿಷ್ಯ ಖಾಲಿ. ಬಿಎಂಟಿಸಿ ಬಸ್ಸಲ್ಲಿ ಕಿವಿಗೆ ಇಯರ್‌ಫೋನ್ ಹಾಕ್ಕೊಂಡು ಫೋನಲ್ಲಿ ಮಾತಾಡೋ ಥರ ನಟಿಸಿ ಒಬ್ಬನೇ ಮಾತಾಡಿ ರೆಕಾರ್ಡ್ ಮಾಡ್ತಿದ್ದೆ, ನಮ್ಮೂರ ಕೊಬ್ಬರಿ ಮಾರ್ಕೆಟ್ ಬಗ್ಗೆ, ಅಜ್ಜಿ ಬಗ್ಗೆ, ಕಳೆದುಹೋದ ಸೈಕಲ್ ಬಗ್ಗೆ. ಕೇಳಿಸ್ಕೊಂಡಾಗ ಗೊತ್ತಾಯ್ತು ನಾನು ಎವ್ರಿ ಅನ್ನೋದು 'ಯೆವ್ರಿ', ಓನ್ಲಿ ಅನ್ನೋದು 'ವೋನ್ಲಿ'. ಎಂಟಕ್ಕೆ ಯೆಂಟು, ಒಂದಕ್ಕೆ ವೊಂದು ಅಂತೀವಲ್ಲ, ಅದೇ. ವೆಸ್ಟ್ ಅಂದ್ರೆ ಬನಿಯನ್ನೋ ಪಶ್ಚಿಮನೋ ಅಂತ ನಮ್ಮ ಲಿಪೀಲಿ ಬರೆದು ತೋರಿಸೋಕೂ ಆಗಲ್ಲ, ಎರಡೂ ಒಂದೇ ವ. ಫಾರಿನ್ ಅಕ್ಸೆಂಟ್ ಹೊಡೆಯೋಕೆ ಹೋಗ್ಲಿಲ್ಲ, ಅದಕ್ಕೆ ಮಾರ್ಕ್ಸ್ ಇಲ್ಲ, ಎದುರಿಗಿರೋರಿಗೆ ಅರ್ಥ ಆಗ್ಬೇಕು ಅಷ್ಟೇ. ಹಂಗಾಗಿ ಈ ನಾಲ್ಕೈದು ಪದ ಮಾತ್ರ ತಿದ್ಕೊಂಡೆ, ಮಿಕ್ಕಿದ್ದು ತಿಪಟೂರು ಇಂಗ್ಲಿಷೇ.

ಎರಡನೇ ಸಲ ಲಿಸನಿಂಗ್ 7.5, ರೀಡಿಂಗ್ 7, ರೈಟಿಂಗ್ 6.5, ಸ್ಪೀಕಿಂಗ್ 6.5, ಓವರಾಲ್ 7. ಸ್ಕೋರ್ ಎರಡು ವರ್ಷ ಮಾತ್ರ ನಡೆಯುತ್ತೆ, ನನ್ನ ರೂಮ್‌ಮೇಟ್ ಒಬ್ಬ ತುಂಬಾ ಮುಂಚೆನೇ ಬರೆದಿಟ್ಟು, ದುಡ್ಡು ಹೊಂದಿಸೋಷ್ಟರಲ್ಲಿ ಡೇಟ್ ಮುಗಿದು ಮತ್ತೆ ಬರೀತಿದಾನೆ. ನನ್ನ ನೋಟ್‌ಬುಕ್ ಈಗ ಅವನ ಹತ್ರ ಇದೆ, ಆದ್ರೆ ಅವನು ಹುಬ್ಬಳ್ಳಿ ಹುಡುಗ, ಇಂಗ್ಲಿಷ್ ಮೀಡಿಯಂ, ಅವನ ತಪ್ಪುಗಳೇ ಬೇರೆ, ಅದಕ್ಕೆ ಹಿಂದಿನ ಖಾಲಿ ಹಾಳೆಗಳಲ್ಲಿ ಅವನದ್ದೇ ಬರ್ಕೊಳ್ತಿದಾನೆ.