ಅಪರಾಧ ವಿಶ್ಲೇಷಣೆ: ಮಾನ್ಯತೆಗೆ ಅಮೆರಿಕದ ಪೊಲೀಸ್ ಇಲಾಖೆ ಸಜ್ಜಾಗುವ ಬಗೆ

ಬೀದರ್‌ನ ಠಾಣೆಗೂ ಚಾಮರಾಜನಗರದ ಠಾಣೆಗೂ ಅನ್ವಯಿಸುವುದು ಒಂದೇ ಪೊಲೀಸ್ ಕೈಪಿಡಿ. ಅಮೆರಿಕದಲ್ಲಿ ಹಾಗಲ್ಲ, ಊರಿಗೊಂದು, ಕೌಂಟಿಗೊಂದು ಎಂಬಂತೆ ಅಲ್ಲಿ ಸುಮಾರು 18,000 ಪ್ರತ್ಯೇಕ ಸಂಸ್ಥೆಗಳಿವೆ. ಇವುಗಳಿಗೆ ಸಮಾನ ಮಾನದಂಡಗಳಿರಲೆಂದು ಪೊಲೀಸ್ ಅಧಿಕಾರಿಗಳ ನಾಲ್ಕು ಸಂಘಟನೆಗಳು ಸೇರಿ 1979ರಲ್ಲಿ ‘ಕ್ಯಾಲಿಯಾ’ ಎಂಬ ಮಾನ್ಯತಾ ಆಯೋಗವನ್ನು ಸ್ಥಾಪಿಸಿದವು. ಇದರ ಮಾನ್ಯತೆ ಕಡ್ಡಾಯವಲ್ಲ. ಬಯಸಿದ ಇಲಾಖೆ ನೋಂದಾಯಿಸಿಕೊಂಡು, ತನ್ನ ಆದೇಶಗಳನ್ನು ಒಂದೊಂದೇ ಮಾನದಂಡದೊಡನೆ ಹೋಲಿಸಿ ಸ್ವಯಂ ಪರಿಶೀಲನೆ ನಡೆಸಬೇಕು. ಆ ಮಾನದಂಡಗಳಲ್ಲಿ ಅಪರಾಧ ವಿಶ್ಲೇಷಣೆಯೂ, ಅಂದರೆ ಅಪರಾಧಗಳು ಎಲ್ಲಿ, ಯಾವಾಗ, ಹೇಗೆ ನಡೆಯುತ್ತಿವೆ ಎಂಬುದನ್ನು ದಾಖಲೆಗಳಿಂದ ಕಂಡುಕೊಳ್ಳುವ ಕೆಲಸವೂ ಸೇರಿದೆ.

ಇದಕ್ಕೆ ಸಜ್ಜಾಗಲು ಇಲಾಖೆ ಮೊದಲು ಲಿಖಿತ ಆದೇಶ ಹೊರಡಿಸಬೇಕು. ಮಾಹಿತಿ ಯಾವ ದಾಖಲೆಗಳಿಂದ ಬರುತ್ತದೆ, ಯಾರು ವಿಶ್ಲೇಷಿಸುತ್ತಾರೆ, ವರದಿ ಯಾರ ಕೈಸೇರುತ್ತದೆ ಎಂಬುದು ಅದರಲ್ಲಿ ಸ್ಪಷ್ಟವಾಗಿರಲಿ.

ಎರಡನೆಯದು ಮಾಹಿತಿಯ ಶುದ್ಧಿ. ಹೆಚ್ಚಿನ ತಪ್ಪುಗಳು ನುಸುಳುವುದು ಇಲ್ಲಿಯೇ. ರಾತ್ರಿ 10ಕ್ಕೆ ನಿಲ್ಲಿಸಿದ ಕಾರಿನ ಗಾಜು ಒಡೆದಿರುವುದನ್ನು ಮಾಲೀಕ ಬೆಳಿಗ್ಗೆ 6ಕ್ಕೆ ನೋಡಿದನೆನ್ನಿ. ಕಂಡ ಹೊತ್ತನ್ನೇ ಕಳವಿನ ಹೊತ್ತೆಂದು ಬರೆದುಕೊಂಡರೆ, ಇಂಥ ಪ್ರಕರಣಗಳೆಲ್ಲ ಮುಂಜಾನೆಯಲ್ಲೇ ನಡೆದಂತೆ ತೋರಿ, ಗಸ್ತು ವಾಹನ ಕಳ್ಳ ಹೋದ ಮೇಲೆ ಸುತ್ತತೊಡಗುತ್ತದೆ! ಆದ್ದರಿಂದ ಆರಂಭ ಮತ್ತು ಅಂತ್ಯದ ಸಮಯಗಳೆರಡನ್ನೂ ದಾಖಲಿಸಿ, ಆ 8 ಗಂಟೆಗಳಲ್ಲಿ ಪ್ರತಿ ಗಂಟೆಗೂ ಆ ಪ್ರಕರಣದ ಎಂಟನೇ ಒಂದು ಪಾಲು ಹಂಚಬೇಕು. ಹತ್ತಾರು ಪ್ರಕರಣಗಳ ಪಾಲುಗಳನ್ನು ಕೂಡಿಸಿದಾಗ, ಅವುಗಳಲ್ಲಿ ಹೆಚ್ಚಿನವು ನಡೆದಿರಬಹುದಾದ ಗಂಟೆಗಳು ತಾವಾಗಿಯೇ ಎದ್ದು ಕಾಣುತ್ತವೆ. ಇದರೊಂದಿಗೆ ಸ್ಥಳ ಮತ್ತು ಕಳವಿನ ವಿಧಾನವನ್ನು ಹೋಲಿಸಿದರೆ ಒಂದೇ ಗುಂಪಿನ ಕೈವಾಡವೇ ಎಂಬ ಸುಳಿವೂ ಸಿಗಬಹುದು.

ಮೂರನೆಯದಾಗಿ, ವರದಿ ಗಸ್ತಿನ ಸಿಬ್ಬಂದಿಯನ್ನು ತಲುಪಬೇಕು. 1994ರಲ್ಲಿ ನ್ಯೂಯಾರ್ಕ್ ಪೊಲೀಸರು ಆರಂಭಿಸಿದ ‘ಕಾಂಪ್‌ಸ್ಟ್ಯಾಟ್’ ಸಭೆಗಳಲ್ಲಿ ಠಾಣಾ ಮುಖ್ಯಸ್ಥರು ಅಂಕಿಅಂಶಗಳ ಮುಂದೆ ನಿಂತು ಉತ್ತರಿಸಬೇಕಾಗಿತ್ತು. ಆದರೆ ಅಂಕಿ ಇಳಿಸುವ ಒತ್ತಡವೇ ಮೇಲಾದರೆ ದೂರುಗಳನ್ನು ಹಗುರ ಅಪರಾಧವೆಂದು ಬರೆದುಕೊಳ್ಳುವ ಚಾಳಿ ಬೆಳೆಯುತ್ತದೆ ಎಂಬ ಟೀಕೆ ಈ ಪದ್ಧತಿಯ ಮೇಲೆ ಬಂದಿದೆ, ಅದನ್ನು ಮರೆಯುವಂತಿಲ್ಲ.

ಕೊನೆಯದು ಪುರಾವೆ. ಅಪರಾಧ ನಡೆದ ಜಾಗಗಳನ್ನು ತೋರಿಸುವ ಬಣ್ಣದ ನಕ್ಷೆಯನ್ನು ಯಾವ ತಂತ್ರಾಂಶವಾದರೂ ಬಿಡಿಸಿಕೊಡುತ್ತದೆ; ಅದನ್ನು ನೋಡಿ ಗಸ್ತಿನ ಪಾಳಿ ಬದಲಾಯಿತೇ ಎಂಬುದಕ್ಕೆ ಕಾಗದ ಬೇಕು. ಆಯೋಗವು ನಾಲ್ಕು ವರ್ಷಗಳ ಅವಧಿಯಲ್ಲಿ ಪ್ರತಿವರ್ಷ ಕಡತಗಳನ್ನು ದೂರದಿಂದಲೇ ಪರಿಶೀಲಿಸಿ, ನಾಲ್ಕನೆಯ ವರ್ಷ ಸ್ಥಳಕ್ಕೂ ಪರಿಶೀಲಕರನ್ನು ಕಳಿಸುತ್ತದೆ. ಆಗ ಹಳೆಯ ವರದಿಗಳಿಗಾಗಿ ತಡಕಾಡುವ ಪಾಡು ಬೇಡವೆಂದರೆ, ವರದಿ, ಅದನ್ನು ಕಳಿಸಿದ ಮಿಂಚಂಚೆ ಮತ್ತು ಬದಲಾದ ಪಾಳಿಯ ಪಟ್ಟಿ ಮೂರನ್ನೂ ಅಂದಂದೇ ಆ ಮಾನದಂಡದ ಕಡತಕ್ಕೆ ಸೇರಿಸಬೇಕು.